ಫೋನ್ ಟ್ಯಾಪ್ ಮಾಡಿ ಬಸ್ಸು ಹತ್ತೋದು: ಎಲ್ಲಿ ಹೆದರ್ಬೇಕು, ಎಲ್ಲಿ ಬೇಡ

ಓದುಗರೊಬ್ಬರ ಪ್ರಶ್ನೆ: "ಆಫೀಸಿಗೆ ಹೋಗ್ತಾ ಒಂದು ಬಸ್ಸು ಒಂದು ಮೆಟ್ರೋ, ಬರ್ತಾನೂ ಅಷ್ಟೇ. ಜೊತೆಯವರೆಲ್ಲ ಫೋನ್ ತೋರ್ಸಿ ಗೇಟ್ ದಾಟ್ತಾರೆ, ಅಂಗಡೀಲೂ ಅದನ್ನೇ ತೋರ್ಸ್ತಾರೆ, ನಾನೊಬ್ಳೇ ಇನ್ನೂ ಪರ್ಸ್ ತಡಕಾಡ್ತಾ ನಿಂತಿರ್ತೀನಿ. ಮಗ ಎರಡು ಸಲ ಹಾಕ್ಕೊಡ್ತೀನಿ ಅಂದ, ನಾನೇ ಬೇಡ ಅಂದೆ. ರಶ್ಶಲ್ಲಿ ಯಾರೋ ಮಷೀನ್ ಹತ್ರ ತಂದು ದುಡ್ಡು ಎಳ್ಕೊಂಡ್ಬಿಡೋ ವಿಡಿಯೋ ನೋಡಿದೀನಿ. ಫೋನ್ ಕಳೆದ್ರೆ ಖಾತೇನೇ ಹೋದ ಹಾಗಾ? ಒಳಗೆ ಹೋದ್ಮೇಲೆ ಚಾರ್ಜ್ ಮುಗಿದ್ರೆ, ನೆಲದಡಿ ನೆಟ್‌ವರ್ಕ್ ಇಲ್ಲದಿದ್ರೆ ಆಚೆ ಬರೋದು ಹೇಗೆ? ನಮ್ಮ ಸಹೋದ್ಯೋಗಿಗೆ ಒಂದೇ ಪ್ರಯಾಣಕ್ಕೆ ಎರಡು ಸಲ, ಅದೂ ಗರಿಷ್ಠ ದರ ಕಟ್ ಆಗಿದೆ, ಅವರ ಹತ್ರ ಫೋನೂ ಇದೆ, ಸ್ಮಾರ್ಟ್‌ವಾಚೂ ಇದೆ. ಶುರು ಮಾಡ್ಲಾ? ಮಾಡಿದ್ರೆ ಪ್ರಯಾಣಕ್ಕೆ ಮಾತ್ರನಾ, ಅಂಗಡಿಗೂನಾ? ಈಗಿರೋ ಕಾರ್ಡನ್ನ ಏನ್ ಮಾಡ್ಲಿ?"

ಶುರು ಮಾಡಿ, ಏನೂ ತೊಂದ್ರೆ ಇಲ್ಲ. ಆದ್ರೆ ನೀವು ಹೆದರ್ತಿರೋ ಜಾಗ ತಪ್ಪು, ಹೆದರ್ಬೇಕಾದ ಜಾಗ ನಿಮ್ಮ ಪ್ರಶ್ನೇಲಿ ಎಲ್ಲೂ ಬಂದೇ ಇಲ್ಲ. ನಾನು ಮೊದಲು ಕೆಲವು ವರ್ಷ ಗೇಟ್‌ಗಳ ರೀಡರ್ ಟೆಸ್ಟ್ ಮಾಡೋ ಕೆಲಸದಲ್ಲಿದ್ದೆ, ಆಮೇಲೆ ಕಾರ್ಡ್ ವಂಚನೆ ದೂರುಗಳನ್ನ ನೋಡೋ ಕಡೆಗೆ ಬಂದೆ, ಎರಡೂ ಕಡೆ ಜನ ಕೇಳೋ ಮೊದಲ ಪ್ರಶ್ನೆ ಇದೇ, ರಶ್ಶಲ್ಲಿ ಯಾರಾದ್ರೂ ಎಳ್ಕೊಂಡ್ರೆ ಅಂತ. ದೂರಿನ ಫೈಲುಗಳಲ್ಲಿ ನಾನು ನೋಡಿದ ಕಥೆಗಳೇ ಬೇರೆ, ಅದಕ್ಕೆ ಬರ್ತೀನಿ, ಮೊದಲು ಈ ವಿಡಿಯೋ ವಿಚಾರ ಮುಗಿಸೋಣ.

ಫೋನಿನ ಒಳಗಿರೋ ಎನ್‌ಎಫ್‌ಸಿ ಅನ್ನೋದು 13.56 ಮೆಗಾಹರ್ಟ್ಸಲ್ಲಿ ಮಾತಾಡೋ ಒಂದು ಪುಟ್ಟ ರೇಡಿಯೋ, ಬಳಕೇಲಿ ಅದರ ಕೈ ಎಟುಕೋದು ಸುಮಾರು 4 ಸೆಂಟಿಮೀಟರ್, ಅಂದ್ರೆ ಎರಡು ಬೆರಳಗಲ. ಸರಿ, ರಶ್ಶಲ್ಲಿ ಕಳ್ಳ ಅಷ್ಟು ಹತ್ರ ಬಂದೇ ಬಂದ ಅಂತ ಇಟ್ಕೊಳ್ಳಿ. ಲಾಕ್ ಆಗಿರೋ ಫೋನು ಅಂಗಡಿ ಮಷೀನಿಗೆ ಸಾಮಾನ್ಯವಾಗಿ ದುಡ್ಡು ಕೊಡೋದೇ ಇಲ್ಲ, ಬೆರಳೋ ಮುಖವೋ ಪಿನ್ನೋ ಕೇಳುತ್ತೆ. ನಿಮ್ಮ ಪರ್ಸಲ್ಲಿರೋ ಪ್ಲಾಸ್ಟಿಕ್ ಕಾರ್ಡು ಹಾಗಲ್ಲ, ಅದು ಯಾರು ಹತ್ರ ಬಂದ್ರೂ ಉತ್ತರ ಕೊಡುತ್ತೆ, ಹಾಗಾಗಿ ಈ ಒಂದು ವಿಷಯದಲ್ಲಿ ಫೋನು ಕಾರ್ಡಿಗಿಂತ ಗಟ್ಟಿ. ಅದರ ಮೇಲೆ, ಮಷೀನ್ ಸುಮ್ನೆ ದುಡ್ಡು ನುಂಗಲ್ಲ, ಅದರ ಹಿಂದೆ ಒಂದು ವ್ಯಾಪಾರಿ ಖಾತೆ ಇರ್ಬೇಕು, ಆ ಖಾತೆ ತೆಗಿಯೋಕೆ ಗುರುತಿನ ದಾಖಲೆ ಕೊಟ್ಟಿರ್ಬೇಕು, ದುಡ್ಡು ಕೈಗೆ ಬರೋಕೆ ಒಂದೆರಡು ದಿನ ಕಾಯ್ಬೇಕು, ಅಷ್ಟರಲ್ಲಿ ಹತ್ತು ಜನ ದೂರು ಕೊಟ್ರೆ ಖಾತೇನೇ ಬಂದ್. ತನ್ನ ವಿಳಾಸ ಬರೆದಿಟ್ಟು ಕಳ್ಳತನಕ್ಕೆ ಹೋಗೋ ಕಳ್ಳ ಕಮ್ಮಿ. ಸಿಗ್ನಲ್ ತಡಿಯೋ ಪರ್ಸು ಅಂತ ಮಾರ್ತಾರಲ್ಲ, ಆ ದುಡ್ಡು ಉಳಿಸ್ಕೊಳ್ಳಿ.

ಇನ್ನೊಂದು ವಿಷಯ, ಫೋನಿನ ಒಳಗೆ ನಿಮ್ಮ ಕಾರ್ಡ್ ನಂಬರ್ ಇರೋದೇ ಇಲ್ಲ. ವ್ಯಾಲೆಟ್‌ಗೆ, ಅಂದ್ರೆ ಫೋನಲ್ಲಿ ಕಾರ್ಡ್ ಇಟ್ಕೊಳ್ಳೋ ಆ್ಯಪಿಗೆ, ಕಾರ್ಡ್ ಸೇರಿಸಿದಾಗ ವೀಸಾ ಥರದ ಕಾರ್ಡ್ ಜಾಲದವರು ಆ ಫೋನಿಗೆ ಅಂತಲೇ ಬೇರೆ ಒಂದು ನಂಬರ್ ಕೊಡ್ತಾರೆ, ಅದಕ್ಕೆ ಟೋಕನ್ ಅಂತಾರೆ. ಇದರ ಚೌಕಟ್ಟನ್ನ ಇಎಂವಿಕೋ ಅನ್ನೋ ಕಾರ್ಡ್ ಕಂಪನಿಗಳ ಕೂಟ 2014ರಲ್ಲಿ ಹೊರಗೆ ತಂತು, ಅದೇ ವರ್ಷ ಐಫೋನ್ ಟ್ಯಾಪ್ ಮಾಡಿ ದುಡ್ಡು ಕೊಡೋ ಆಪಲ್ ಪೇ ಬಂತು. ಪ್ರತಿ ಟ್ಯಾಪಿಗೂ ಫೋನು ಒಂದು ಹೊಸ ಗುಪ್ತಸಂಕೇತ ಲೆಕ್ಕ ಹಾಕಿ ಕೊಡುತ್ತೆ, ಅದು ಆ ಒಂದು ವ್ಯವಹಾರಕ್ಕೆ ಮಾತ್ರ, ಹರಿದ ಟಿಕೆಟ್ ಇದ್ದ ಹಾಗೆ, ಗಾಳೀಲಿ ಹಿಡ್ಕೊಂಡ್ರೂ ಇನ್ನೊಂದ್ಸಲ ಓಡಿಸೋಕಾಗಲ್ಲ. ಅಂಗಡಿಯವರ ಕಂಪ್ಯೂಟರಿಂದ ನಂಬರ್‌ಗಳು ಸೋರಿಹೋದ್ರೂ ಸೋರೋದು ಟೋಕನ್, ನಿಮ್ಮ ಕಾರ್ಡಲ್ಲ. (ಇದರಿಂದ ಒಂದು ಸಣ್ಣ ಗೊಂದಲ ಆಗುತ್ತೆ, ರಸೀದಿ ಮೇಲಿನ ಕೊನೇ ನಾಲ್ಕು ಅಂಕಿ ಕಾರ್ಡಿನ ಮೇಲಿರೋದಕ್ಕೆ ತಾಳೆ ಆಗಲ್ಲ, ವಸ್ತು ವಾಪಸ್ ಕೊಡೋಕೆ ಹೋದಾಗ ಅಂಗಡಿಯವರು ಇದು ನಿಮ್ಮ ಕಾರ್ಡಲ್ಲ ಅಂತಾರೆ. ಕಾರ್ಡ್ ತೆಗೀಬೇಡಿ, ಕೊಳ್ಳುವಾಗ ಯಾವ ಫೋನ್ ಟ್ಯಾಪ್ ಮಾಡಿದ್ರೋ ಅದನ್ನೇ ಮತ್ತೆ ಟ್ಯಾಪ್ ಮಾಡಿ.)

ಈಗ ದೂರಿನ ಫೈಲಿಗೆ ಬರ್ತೀನಿ. ಕಾರ್ಡನ್ನ ಫೋನಿಗೆ ಸೇರಿಸುವಾಗ ಬ್ಯಾಂಕಿಂದ ಒಂದು ಒಟಿಪಿ ಬರುತ್ತೆ, ಅದನ್ನ ಹಾಕಿದ್ರೆ ಕಾರ್ಡ್ ಆ ಫೋನಲ್ಲಿ ಕೂರುತ್ತೆ. ಯಾವ ಫೋನಲ್ಲಿ? ಒಟಿಪಿ ಯಾರು ಟೈಪ್ ಮಾಡಿದ್ರೋ ಅವರ ಫೋನಲ್ಲಿ. ಅಷ್ಟೇ ವಿಷಯ. ನಾನು ನೋಡಿದ ಒಂದು ಕೇಸು ಹೇಳ್ತೀನಿ, ಒಬ್ಬ ನಿವೃತ್ತ ಮೇಷ್ಟ್ರು, ಜೀವನದಲ್ಲಿ ಒಂದ್ಸಲಾನೂ ಫೋನ್ ಟ್ಯಾಪ್ ಮಾಡ್ದೋರಲ್ಲ, ನಿಮ್ಮ ಪಾರ್ಸೆಲ್ ನಿಂತಿದೆ ಸಣ್ಣ ಶುಲ್ಕ ಕಟ್ಟಿ ಅಂತ ಮೆಸೇಜ್ ಬಂತು, ಲಿಂಕ್ ಒತ್ತಿ ಕಾರ್ಡ್ ನಂಬರ್ ಹಾಕಿದ್ರು, ಒಟಿಪಿ ಬಂತು, ಹಾಕಿದ್ರು, ಅರ್ಧ ಗಂಟೇಲಿ ಅವರು ಕಾಲಿಡದೇ ಇರೋ ಊರಿನ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಅವರ ಕಾರ್ಡು ಟ್ಯಾಪ್ ಆಗ್ತಿತ್ತು. ಆ ಒಟಿಪಿ ಮೆಸೇಜನ್ನ ನಾನು ಅವರ ಫೋನಲ್ಲೇ ಓದಿದೆ, "ನಿಮ್ಮ ಕಾರ್ಡನ್ನು ಮೊಬೈಲ್ ವ್ಯಾಲೆಟ್‌ಗೆ ಸೇರಿಸಲು" ಅಂತ ಸ್ಪಷ್ಟವಾಗಿ ಬರೆದಿತ್ತು, ಮೇಷ್ಟ್ರು ಆರು ಅಂಕಿ ಮಾತ್ರ ನೋಡಿದ್ರು, ಪಕ್ಕದ ಸಾಲು ಓದಿರ್ಲಿಲ್ಲ. ಅವರನ್ನ ಬೈಯೋ ಹಾಗೂ ಇಲ್ಲ, ನಾವ್ಯಾರೂ ಓದಲ್ಲ.

ಟ್ಯಾಪ್ ಬಳಸದೇ ಇದ್ರೆ ಈ ಕಾಟದಿಂದ ತಪ್ಪಿಸ್ಕೊಬಹುದು ಅಂತ ಅಂದ್ಕೊಂಡಿದ್ರೆ ಅದೂ ಆಗಲ್ಲ ನೋಡಿ, ಮೇಷ್ಟ್ರು ಬಳಸಿರ್ಲೇ ಇಲ್ಲ. ಹಾಗಾಗಿ ನೀವು ಈಗ ತಾನೇ, ನಿಮ್ಮ ಕೈಯಾರೆ, ನಿಮ್ಮ ಫೋನಲ್ಲಿ ಕಾರ್ಡ್ ಸೇರಿಸ್ತಾ ಇದ್ರೆ ಮಾತ್ರ ವ್ಯಾಲೆಟ್ ಒಟಿಪಿ ಹಾಕ್ಬೇಕು, ಬೇರೆ ಯಾವಾಗ ಬಂದ್ರೂ, ಯಾರು ಫೋನ್ ಮಾಡಿ ಕೇಳಿದ್ರೂ, ಅದು ಕಳ್ಳರದ್ದೇ. ಮಗ ಹಾಕ್ಕೊಡ್ತೀನಿ ಅಂದ್ರೆ ಪಕ್ಕ ಕೂತು ನೋಡಿ, ಅವನ ಮೇಲೆ ಅನುಮಾನ ಅಂತಲ್ಲ, ನಿಜವಾದ ಪ್ರಕ್ರಿಯೆ ಹೇಗಿರುತ್ತೆ ಅಂತ ಒಂದ್ಸಲ ಕಣ್ಣಲ್ಲಿ ನೋಡಿದ್ರೆ ನಕಲಿ ಬಂದಾಗ ಗೊತ್ತಾಗುತ್ತೆ.

ಇದರದ್ದೇ ಇನ್ನೊಂದು ರೂಪ, 2024ರ ಆಗಸ್ಟಲ್ಲಿ ಈಸೆಟ್ ಅನ್ನೋ ಭದ್ರತಾ ಕಂಪನಿ ಎನ್‌ಗೇಟ್ ಅನ್ನೋ ಆಂಡ್ರಾಯ್ಡ್ ಮಾಲ್‌ವೇರ್ (ಕಳ್ಳ ಆ್ಯಪ್) ಬಗ್ಗೆ ವರದಿ ಮಾಡ್ತು, ಚೆಕ್ ಗಣರಾಜ್ಯದ ಬ್ಯಾಂಕ್ ಗ್ರಾಹಕರಿಗೆ ಬ್ಯಾಂಕಿನ ಆ್ಯಪ್ ಅಂತ ನಂಬಿಸಿ ಹಾಕಿಸಿ, ಕಾರ್ಡನ್ನ ನಿಮ್ಮ ಫೋನಿನ ಬೆನ್ನಿಗೆ ಇಡಿ, ಪಿನ್ ಹಾಕಿ ಅಂತ ಹೇಳಿಸೋದು, ಆ ಸಿಗ್ನಲ್ ಇಂಟರ್‌ನೆಟ್ ಮೇಲೆ ಕಳ್ಳನ ಫೋನಿಗೆ ಹೋಗಿ ಅವನು ಎಟಿಎಂ ಮುಂದೆ ನಿಂತು ದುಡ್ಡು ತೆಗಿಯೋದು. ಇಲ್ಲೂ ನೋಡಿ, ಗುಂಪಲ್ಲಿ ಯಾರೂ ಮೈಗೆ ತಾಗಲಿಲ್ಲ, ದೂರದಲ್ಲಿ ಕೂತೇ ಮಾಡಿದ್ದು. ಕೆಲವು ಬ್ಯಾಂಕಿನ ನಿಜವಾದ ಆ್ಯಪೂ ಕಾರ್ಡ್ ತಾಗಿಸಿ ಅಂತ ಕೇಳುತ್ತೆ, ಅದು ಸರಿ, ಆದ್ರೆ ಅಧಿಕೃತ ಆ್ಯಪ್ ಸ್ಟೋರಿಂದ ನೀವೇ ಹಾಕ್ಕೊಂಡು ನೀವೇ ತೆರೆದ ಆ್ಯಪ್ ಆಗಿರ್ಬೇಕು, ಲಿಂಕಲ್ಲಿ ಬಂದಿದ್ದಲ್ಲ.

ಫೋನ್ ಕಳೆದ್ರೆ ಏನು ಅಂತ ಕೇಳಿದ್ರಿ. ಎಲ್ಲೋ ಬಿದ್ದುಹೋದ್ರೆ ಅಂಥಾ ಗಾಬರಿ ಬೇಡ, ಲಾಕ್ ಇದೆ. ಬೇರೆ ಫೋನಿಂದಲೋ ಕಂಪ್ಯೂಟರಿಂದಲೋ ನಿಮ್ಮ ಆಪಲ್ ಇಲ್ಲಾ ಗೂಗಲ್ ಖಾತೆಗೆ ಲಾಗಿನ್ ಆಗಿ ಫೋನು ಕಳೆದಿದೆ ಅಂತ ಗುರುತು ಹಾಕಿದ್ರೆ ಐಫೋನಲ್ಲಿ ವ್ಯಾಲೆಟ್ ಕಾರ್ಡುಗಳು ಅಮಾನತಾಗ್ತವೆ, ಆಂಡ್ರಾಯ್ಡಲ್ಲಿ ದೂರದಿಂದಲೇ ಲಾಕ್ ಮಾಡ್ಬಹುದು, ಪೂರ್ತಿ ಅಳಿಸಲೂಬಹುದು, ಮತ್ತೆ ಬ್ಯಾಂಕಿಗೆ ಫೋನ್ ಮಾಡಿ ಈ ಫೋನಿನ ಟೋಕನ್ ತೆಗೀರಿ ಅಂದ್ರೆ ಆಯ್ತು. ಟೋಕನ್ ಸತ್ರೂ ಪ್ಲಾಸ್ಟಿಕ್ ಕಾರ್ಡ್ ಬದುಕಿರುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ, ಇಡೀ ಕಾರ್ಡೇ ಬ್ಲಾಕ್ ಮಾಡಿಸಿ ಹೊಸದಕ್ಕೆ ವಾರಗಟ್ಲೆ ಕಾಯ್ತಾರೆ. ನಿಜವಾದ ಕಷ್ಟ ಇರೋದು ಬೇರೆ ಕಡೆ, ನಿಮ್ಮ ಹಿಂದೆ ನಿಂತು ನೀವು ಪಿನ್ ಒತ್ತೋದನ್ನ ನೋಡಿ ಆಮೇಲೆ ಫೋನ್ ಕಿತ್ಕೊಂಡು ಹೋಗೋ ಕಳ್ಳ. ಅವನ ಹತ್ರ ಪಿನ್ನೂ ಇದೆ ಫೋನೂ ಇದೆ, ಅಂದ್ಮೇಲೆ ಬೆರಳಚ್ಚಿನ ಬೀಗಕ್ಕೆ ಅರ್ಥ ಉಳಿಯಲ್ಲ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ. ಇದಕ್ಕಂತಲೇ ಆಪಲ್‌ನವರು 2024ರ ಜನವರೀಲಿ ಐಒಎಸ್ 17.3ರ ಜೊತೆ ಕದ್ದ ಫೋನಿಗೆ ರಕ್ಷಣೆ ಕೊಡೋ ಒಂದು ಸೆಟ್ಟಿಂಗ್ ಕೊಟ್ರು, ಆಂಡ್ರಾಯ್ಡಲ್ಲೂ ಅದೇ ವರ್ಷ ಯಾರೋ ಕಿತ್ಕೊಂಡು ಓಡಿದ್ರೆ ತಾನೇ ಲಾಕ್ ಆಗೋ ವ್ಯವಸ್ಥೆ ಬಂತು. ಎರಡೂ ಆನ್ ಮಾಡಿಟ್ಕೊಳ್ಳಿ. ಪಿನ್ ಹುಟ್ಟಿದ ವರ್ಷ ಇಟ್ಟಿದ್ರೆ ಇವತ್ತೇ ಬದಲಾಯ್ಸಿ, ನಾಲ್ಕರ ಬದ್ಲು ಆರು ಅಂಕಿ ಇಡಿ.

ಈಗ ಗೇಟು. ಇದು ನನಗೆ ಇಷ್ಟದ ಭಾಗ, ಸ್ವಲ್ಪ ಉದ್ದ ಆದ್ರೆ ತಡ್ಕೊಳ್ಳಿ. ಅಂಗಡೀಲಿ ಟ್ಯಾಪ್ ಮಾಡಿದ್ರೆ ಮಷೀನ್ ಆಗಲೇ ಬ್ಯಾಂಕನ್ನ ಕೇಳಿ ಹೂಂ ಅನ್ನಿಸ್ಕೊಂಡು ಬರುತ್ತೆ, ಒಂದೆರಡು ಸೆಕೆಂಡ್ ಹಿಡಿಯುತ್ತೆ, ನಿಂತಿರೋರಿಗೆ ಅದೇನೂ ದೊಡ್ಡದಲ್ಲ. ಗೇಟಲ್ಲಿ ಅಷ್ಟು ನಿಂತ್ರೆ ಹಿಂದಿನವರು ಮೈಮೇಲೆ ಬೀಳ್ತಾರೆ. ಲಂಡನ್ ಸಾರಿಗೆಯವರು 2012ರ ಡಿಸೆಂಬರಲ್ಲಿ ಬಸ್ಸಲ್ಲಿ, 2014ರ ಸೆಪ್ಟೆಂಬರಲ್ಲಿ ಸುರಂಗ ರೈಲಲ್ಲಿ ಮಾಮೂಲಿ ಬ್ಯಾಂಕ್ ಕಾರ್ಡ್ ಟ್ಯಾಪ್ ತಗೊಳ್ಳೋಕೆ ಶುರು ಮಾಡಿದಾಗ ಇಟ್ಕೊಂಡ ಗಡುವು ಅರ್ಧ ಸೆಕೆಂಡ್, ಜಪಾನಿನ ರೈಲು ಪ್ರಯಾಣದ ಸುಯಿಕಾ ಕಾರ್ಡು 2001ರಿಂದ ಸುಮಾರು 0.2 ಸೆಕೆಂಡಲ್ಲೇ ಮುಗಿಸುತ್ತೆ, ಅದು ಫೋನಿಗೆ ಬಂದಿದ್ದು 2006ರಲ್ಲಿ. ಅರ್ಧ ಸೆಕೆಂಡಲ್ಲಿ ಬ್ಯಾಂಕ್ ಕೇಳ್ಕೊಂಡು ಬರೋದು ಆಗದ ಮಾತು. ಹಾಗಾಗಿ ಬ್ಯಾಂಕ್ ಕಾರ್ಡ್ ತಗೊಳ್ಳೋ ಗೇಟು ಬ್ಯಾಂಕನ್ನ ಕೇಳಲ್ಲ, ಈ ಟೋಕನ್ ಅಸಲಿ ತಾನೇ ಅಂತ ಗಣಿತದಿಂದ ಅಲ್ಲೇ ಪರೀಕ್ಷಿಸುತ್ತೆ, ಬಾಕಿದಾರರ ಪಟ್ಟೀಲಿ ಇದೆಯಾ ನೋಡುತ್ತೆ, ಇಲ್ದಿದ್ರೆ ಬಾಗಿಲು ತೆಗಿಯುತ್ತೆ. ದುಡ್ಡಿನ ಮಾತು ಆಮೇಲೆ. ನಿಮ್ಮ ಒಳ ಟ್ಯಾಪು ಹೊರ ಟ್ಯಾಪು ಎರಡನ್ನೂ ಸಾರಿಗೆ ಸಂಸ್ಥೆಯ ಕಂಪ್ಯೂಟರ್ ಜೋಡಿ ಮಾಡಿ, ದರ ಲೆಕ್ಕ ಹಾಕಿ, ಬಹಳ ಕಡೆ ಇಡೀ ದಿನದ್ದು ಒಟ್ಟು ಸೇರಿಸಿ ರಾತ್ರಿ ಒಂದೇ ಮೊತ್ತ ಕಟ್ ಮಾಡುತ್ತೆ. ಬೆಳಿಗ್ಗೆ ಟ್ಯಾಪ್ ಮಾಡಿದ್ದಕ್ಕೆ ಮಾರನೇ ದಿನ ಮೆಸೇಜ್ ಬಂದ್ರೆ ಅದಕ್ಕೇ. ನಾಮ್‌ಕೇವಾಸ್ತೆ ಒಂದು ಸಣ್ಣ ಮೊತ್ತ ಮೊದಲು ಕಾಣ್ಸಿ ಆಮೇಲೆ ಮಾಯ ಆಗೋದೂ ಮಾಮೂಲು, ಅದು ಕಾರ್ಡ್ ಬದುಕಿದೆಯಾ ಅಂತ ತಟ್ಟಿ ನೋಡೋದು, ದುಡ್ಡು ಕಟ್ ಆಗಿದ್ದಲ್ಲ.

ನಿಮ್ಮ ಸಹೋದ್ಯೋಗಿ ಕಥೆ ಇಲ್ಲೇ ಸಿಗುತ್ತೆ. ಒಂದೇ ಕಾರ್ಡನ್ನ ಫೋನಿಗೂ ವಾಚಿಗೂ ಸೇರಿಸಿದ್ರೆ ಎರಡಕ್ಕೂ ಬೇರೆ ಬೇರೆ ಟೋಕನ್. ನಿಮಗೆ ಒಂದೇ ಕಾರ್ಡು, ಗೇಟಿನ ಕಣ್ಣಿಗೆ ಇಬ್ಬರು ಬೇರೆ ಮನುಷ್ಯರು. ಫೋನಲ್ಲಿ ಒಳಗೆ ಹೋಗಿ ವಾಚಲ್ಲಿ ಹೊರಗೆ ಬಂದ್ರೆ ಒಬ್ಬ ಒಳಗೆ ಹೋದೋನು ಆಚೆ ಬರ್ಲಿಲ್ಲ, ಇನ್ನೊಬ್ಬ ಒಳಗೇ ಹೋಗ್ದೆ ಆಚೆ ಬಂದ, ಎರಡೂ ಅರ್ಧ ಪ್ರಯಾಣ, ಎಷ್ಟೋ ಕಡೆ ಎರಡಕ್ಕೂ ಗರಿಷ್ಠ ದರ. ಪ್ಲಾಸ್ಟಿಕ್ ಕಾರ್ಡಲ್ಲಿ ಒಳಗೆ, ಅದೇ ಕಾರ್ಡಿರೋ ಫೋನಲ್ಲಿ ಹೊರಗೆ ಬಂದ್ರೂ ಇದೇ ಗತಿ. ಅವರಿಗೆ ಹೇಳಿ, ಬ್ಯಾಂಕಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ, ಬ್ಯಾಂಕಿಗೆ ಕಾಣೋದು ಬರೀ ಮೊತ್ತ, ಎಲ್ಲಿ ಹತ್ತಿ ಎಲ್ಲಿ ಇಳಿದ್ರು ಅನ್ನೋದು ಸಾರಿಗೆ ಸಂಸ್ಥೆಗೆ ಮಾತ್ರ ಗೊತ್ತು, ಅಪೂರ್ಣ ಪ್ರಯಾಣ ಅಂತ ಅಲ್ಲಿ ದೂರು ಕೊಟ್ರೆ ಸಾಮಾನ್ಯವಾಗಿ ಸರಿ ಮಾಡ್ತಾರೆ, ಬೇಗ ಕೊಡ್ಬೇಕು ಅಷ್ಟೇ.

ಇನ್ನೊಂದು, ಫೋನಿನ ಕವರಿನ ಹಿಂದೆ ಕಾರ್ಡ್ ಸಿಕ್ಕಿಸ್ಕೊಂಡಿರ್ತಾರಲ್ಲ, ಗೇಟಿಗೆ ಎರಡು ಉತ್ತರ ಒಟ್ಟಿಗೆ ಬರುತ್ತೆ, ಕೆಂಪು ದೀಪ ಬರುತ್ತೆ, ಇಲ್ಲಾ ನೀವು ಅಂದ್ಕೊಳ್ಳದೇ ಇರೋ ಕಾರ್ಡಿಂದ ಹೋಗುತ್ತೆ. ಟೆಸ್ಟಿಂಗ್ ಟೈಮಲ್ಲಿ ಗಂಟೆಗಟ್ಲೆ ಗೇಟ್ ಪಕ್ಕ ನಿಂತು ನೋಡ್ತಿದ್ವಿ, ಕೆಂಪು ಬಂದ ತಕ್ಷಣ ಜನ ಫೋನನ್ನ ಮಂಗಳಾರತಿ ಎತ್ತೋ ಹಾಗೆ ಸುತ್ತಿಸೋಕೆ ಶುರು ಮಾಡ್ತಾರೆ. ಸುತ್ತಿಸಿದಷ್ಟೂ ಕೆಡುತ್ತೆ. ಐಫೋನಿನ ಆಂಟೆನಾ ಮೇಲ್ತುದೀಲಿದೆ, ಬಹಳ ಆಂಡ್ರಾಯ್ಡುಗಳಲ್ಲಿ ಬೆನ್ನಿನ ಮಧ್ಯ ಇಲ್ಲಾ ಮೇಲ್ಭಾಗ, ಆ ಜಾಗ ರೀಡರ್ ಮೇಲಿಟ್ಟು ಒಂದು ಉಸಿರು ಕದಲದೆ ಇಡಿ, ಹಸಿರು ಬಂದ್ಮೇಲೆ ಎತ್ತಿ.

ನೆಟ್‌ವರ್ಕ್ ಬಗ್ಗೆ ತಲೆ ಕೆಡಿಸ್ಕೊಬೇಡಿ, ಟ್ಯಾಪ್ ಮಾಡೋಕೆ ಫೋನಿಗೆ ಇಂಟರ್‌ನೆಟ್ ಬೇಕಿಲ್ಲ. ಗೂಗಲ್ ವ್ಯಾಲೆಟ್ ಥರದವು ಕೆಲವು ಟ್ಯಾಪಿಗೆ ಆಗೋವಷ್ಟು, ಆ ಗುಪ್ತಸಂಕೇತ ಲೆಕ್ಕ ಹಾಕೋ ಕೀಲಿಗಳನ್ನ ಮುಂಚೇನೇ ಇಳಿಸಿಟ್ಕೊಂಡಿರ್ತವೆ, ದಿನಗಟ್ಲೆ ನೆಟ್ ಇಲ್ದೆ ಓಡಾಡಿದ್ರೆ ಮಾತ್ರ ಕೈಕೊಡಬಹುದು. ಚಾರ್ಜ್ ವಿಷಯ ಬೇರೆ. ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತೆ ಅದರ ನಂತರದ ಬಹುತೇಕ ಮಾಡೆಲ್‌ಗಳಲ್ಲಿ ಎಕ್ಸ್‌ಪ್ರೆಸ್ ಮೋಡ್ (ಲಾಕ್ ತೆಗಿಯದೆ ಗೇಟಲ್ಲಿ ಟ್ಯಾಪ್ ಆಗೋ ಸೆಟ್ಟಿಂಗ್) ಹಾಕಿಟ್ಟಿದ್ರೆ ಬ್ಯಾಟರಿ ಸತ್ತ ಮೇಲೂ 5 ಗಂಟೆವರೆಗೂ ಗೇಟ್ ತೆಗೀಬಹುದು, ಆಂಡ್ರಾಯ್ಡಲ್ಲಿ ಫೋನ್ ಆಫ್ ಆದ್ರೆ ಟ್ಯಾಪ್ ಇಲ್ಲ ಅಂತಲೇ ಲೆಕ್ಕ ಇಟ್ಕೊಳ್ಳಿ. ಒಳಗೆ ಸಿಕ್ಕಿ ಹಾಕ್ಕೊಂಡ್ರೆ ಪ್ಲಾಸ್ಟಿಕ್ ಕಾರ್ಡ್ ತೆಗೆದು ಟ್ಯಾಪ್ ಮಾಡೋಕೆ ಹೋಗ್ಬೇಡಿ, ಈಗ ತಾನೇ ಹೇಳಿದ ಇಬ್ಬರು ಮನುಷ್ಯರ ಕಥೆ ಆಗುತ್ತೆ, ಅಲ್ಲಿರೋ ಸಿಬ್ಬಂದಿನ ಕೇಳಿ, ಅವರಿಗೆ ಇದು ದಿನಾ ಇದ್ದದ್ದೇ.

ಎಕ್ಸ್‌ಪ್ರೆಸ್ ಮೋಡ್ ಅಂದ್ನಲ್ಲ, ಅದರಲ್ಲಿ ಒಂದು ಕೊಡು-ತಗೊಳ್ಳೋ ಲೆಕ್ಕ ಇದೆ. ಗೇಟಿಗೆ ಅಂತ ಮಾತ್ರ ಲಾಕ್ ತೆಗಿಯದೆಯೇ ಟ್ಯಾಪ್ ಆಗೋ ಸೌಲಭ್ಯ ಅದು, ಆಂಡ್ರಾಯ್ಡಲ್ಲೂ ಪ್ರಯಾಣಕ್ಕೆ ದೃಢೀಕರಣ ಬೇಡ ಅನ್ನೋ ಆಯ್ಕೆ ಸಿಗುತ್ತೆ. 2021ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ಮತ್ತೆ ಸರ್ರೆ ವಿಶ್ವವಿದ್ಯಾಲಯಗಳ ಸಂಶೋಧಕರು ಇದರಲ್ಲೇ ತೂತು ಹುಡುಕಿದ್ರು, ಐಫೋನಲ್ಲಿ ವೀಸಾ ಕಾರ್ಡನ್ನ ಎಕ್ಸ್‌ಪ್ರೆಸ್‌ಗೆ ಇಟ್ಟಿದ್ರೆ ನಾನೇ ಗೇಟು ಅಂತ ನಟಿಸೋ ಉಪಕರಣ ಇಟ್ಟು ಲಾಕ್ ಇರೋ ಫೋನಿಂದಲೇ 1000 ಪೌಂಡ್ ಪಾವತಿ ಮಾಡಿ ತೋರ್ಸಿದ್ರು. ಲ್ಯಾಬಲ್ಲಿ, ತಮ್ಮದೇ ಖಾತೇಲಿ. ವೀಸಾದವರು ಹೊರಗೆ ದೊಡ್ಡ ಮಟ್ಟದಲ್ಲಿ ಇದು ಆಗೋ ಮಾತಲ್ಲ ಅಂದ್ರು, ನನ್ನ ಅನುಭವದ ಪ್ರಕಾರನೂ ಇದಕ್ಕಿಂತ ಒಟಿಪಿ ಕೇಳಿ ಕದಿಯೋದು ಕಳ್ಳರಿಗೆ ಸಾವಿರ ಪಾಲು ಸುಲಭ. ಆದ್ರೂ ಇದು ಆ ವಿಡಿಯೋ ಥರ ಕಟ್ಟುಕಥೆ ಅಲ್ಲ, ಅಪಾಯ ಇದೆ, ಸಣ್ಣದು. ಬೇಡ ಅನ್ಸಿದ್ರೆ ಎಕ್ಸ್‌ಪ್ರೆಸ್‌ಗೆ ದುಡ್ಡು ಕಮ್ಮಿ ಇರೋ ಕಾರ್ಡನ್ನೋ ಸಾರಿಗೆ ಸಂಸ್ಥೆಯದೇ ಪ್ರಯಾಣದ ಕಾರ್ಡನ್ನೋ ಇಡಿ, ಇಲ್ಲಾ ಆಫ್ ಮಾಡಿ ಗೇಟ್ ಬರೋ ಮೊದಲೇ ಬೆರಳಿಟ್ಟು ರೆಡಿ ಮಾಡ್ಕೊಳ್ಳಿ, ಎರಡು ಸೆಕೆಂಡ್ ಹೆಚ್ಚು ಅಷ್ಟೇ.

ಅಂಗಡಿಗೆ ಬಳಸಬಹುದಾ ಅಂದ್ರೆ, ಬಳಸಿ, ಅಲ್ಲಿ ಹೇಳೋಕೆ ಹೆಚ್ಚೇನಿಲ್ಲ. ಮೊತ್ತ ನೋಡಿ ಟ್ಯಾಪ್ ಮಾಡಿ, ಆಗ್ಲಿಲ್ಲ ಅಂದ್ರೆ ಎರಡನೇ ಸಲ ಟ್ಯಾಪ್ ಮಾಡೋ ಮೊದಲು ಮಷೀನಿನ ಪರದೆ ಓದಿ, ಒಂದು ಬಿಲ್ಲಿಗೆ ಮಷೀನು ತಾನಾಗಿ ಎರಡು ಸಲ ತಗೊಳ್ಳಲ್ಲ, ಅಂಗಡಿಯವರು ಮತ್ತೆ ಹೊಸದಾಗಿ ಹಾಕಿದ್ರೆ ಮಾತ್ರ ತಗೊಳ್ಳುತ್ತೆ. ದೊಡ್ಡ ಮೊತ್ತಕ್ಕೆ ಕಾರ್ಡ್ ಪಿನ್ ಕೇಳುತ್ತಲ್ಲ, ಫೋನಲ್ಲಿ ನೀವು ಆಗಲೇ ಬೆರಳು ಕೊಟ್ಟಿರೋದ್ರಿಂದ ಬಹಳ ಕಡೆ ಆ ಮಿತಿ ಅನ್ವಯ ಆಗಲ್ಲ. ಅನುಕೂಲ ಹೌದು, ಕೈ ಜಾರೋಕೂ ಸುಲಭ, ಪ್ರತಿ ಖರ್ಚಿಗೂ ಮೆಸೇಜ್ ಬರೋ ಹಾಗೆ ಇಟ್ಕೊಳ್ಳಿ. ರೂಟ್ ಮಾಡಿರೋ, ಅಂದ್ರೆ ಕಂಪನಿ ಹಾಕಿರೋ ಕಟ್ಟುಪಾಡು ಕಿತ್ತುಹಾಕಿರೋ, ಆಂಡ್ರಾಯ್ಡ್ ಫೋನಾಗಿದ್ರೆ ಗೂಗಲ್ ವ್ಯಾಲೆಟ್ಟಲ್ಲಿ ಟ್ಯಾಪ್ ಕೆಲಸಾನೇ ಮಾಡಲ್ಲ, ನೀವು ಮಾಡಿರಲ್ಲ ಬಿಡಿ, ಹಳೇ ಫೋನ್ ಮಗಂದಾಗಿದ್ರೆ ಕೇಳಿ ನೋಡಿ.

ನಾನು ನಿಮ್ಮ ಜಾಗದಲ್ಲಿದ್ರೆ ಹೀಗೆ ಮಾಡ್ತಿದ್ದೆ: ಸಂಬಳ ಬೀಳೋ ಖಾತೆಯ ಡೆಬಿಟ್ ಕಾರ್ಡನ್ನ ಫೋನಿಗೆ ಸೇರಿಸ್ತಿರ್ಲಿಲ್ಲ. ಏನಾದ್ರೂ ಎಡವಟ್ಟಾದ್ರೆ ಡೆಬಿಟಲ್ಲಿ ಹೋಗೋದು ನಿಮ್ಮದೇ ದುಡ್ಡು, ವಾಪಸ್ ಬರೋವರೆಗೂ ಕೈ ಖಾಲಿ. ಕ್ರೆಡಿಟ್ ಕಾರ್ಡಲ್ಲಿ ತಕರಾರು ಹಾಕಿ ಕೂರ್ಬಹುದು, ಬಿಲ್ಲು ಬೆಳೆಸ್ಕೊಳ್ಳೋ ಚಾಳಿ ಇಲ್ದಿದ್ರೆ ಅದು ಒಳ್ಳೇದು. ಇಲ್ಲಾ ಬೇರೆ ಒಂದು ಸಣ್ಣ ಖಾತೆ ಮಾಡಿ ತಿಂಗಳ ಓಡಾಟಕ್ಕೆ ಬೇಕಾದಷ್ಟೇ ಹಾಕಿಡಿ, ಹಾಗೆ ಮಾಡಿದ್ರೆ ದುಡ್ಡು ಹಾಕೋದು ಮರೆತು ಬಾಕಿದಾರರ ಪಟ್ಟಿಗೆ ಬಿದ್ದು ಒಂದು ಬೆಳಿಗ್ಗೆ ಗೇಟ್ ತೆಗೀದೇ ಇರೋ ಸಾಧ್ಯತೆ ಇದೆ. ಮೊದಲ ಎರಡು ವಾರ ಬಸ್ಸು ಮೆಟ್ರೋಗೆ ಮಾತ್ರ ಬಳಸಿ, ಕಟ್ ಆಗಿದ್ದನ್ನ ಸಾರಿಗೆ ಸಂಸ್ಥೆಯ ಪ್ರಯಾಣ ಪಟ್ಟಿ ಜೊತೆ ತಾಳೆ ನೋಡಿ, ಆಮೇಲೆ ಅಂಗಡಿ. ಮಾಸಿಕ ಪಾಸೋ ರಿಯಾಯಿತಿಯೋ ಇದ್ರೆ ಮೊದಲು ವಿಚಾರಿಸಿ, ಬ್ಯಾಂಕ್ ಕಾರ್ಡ್ ಟ್ಯಾಪಿಗೆ ಆ ರಿಯಾಯಿತಿ ಎಷ್ಟೋ ಕಡೆ ಸಿಗಲ್ಲ, ಹಾಗಿದ್ರೆ ಪ್ರಯಾಣಕ್ಕೆ ಹಳೇ ಕಾರ್ಡೇ ಲಾಭ, ಫೋನು ಅಂಗಡಿಗೆ ಇರ್ಲಿ.

ಪ್ಲಾಸ್ಟಿಕ್ ಕಾರ್ಡ್ ಬಿಸಾಡ್ಬೇಡಿ, ಮನೇಲೂ ಇಡ್ಬೇಡಿ, ಬ್ಯಾಗಲ್ಲಿರ್ಲಿ, ಆದ್ರೆ ಫೋನ್ ಕವರೊಳಗೆ ಬೇಡ. ನಿಮ್ಮ ಸಹೋದ್ಯೋಗಿಗೆ ಗೇಟಿಗೆ ಫೋನೋ ವಾಚೋ ಅಂತ ಒಂದನ್ನ ಆರಿಸ್ಕೊಳ್ಳೋಕೆ ಹೇಳಿ. ವಾಚು ಅಂದ್ರೆ ಫೋನಲ್ಲಿ ಎಕ್ಸ್‌ಪ್ರೆಸ್ ಆಫ್ ಮಾಡ್ಲಿ, ಇಲ್ದಿದ್ರೆ ಗೇಟಿಗೆ ಯಾವುದು ಮೊದಲು ಹತ್ರ ಬರುತ್ತೋ ಅದೇ ಟ್ಯಾಪ್ ಆಗಿ ಮತ್ತದೇ ಕಥೆ.